ಕಲ್ಲಿಗೊಂದು ರಸೀದಿ

ನನ್ನ ತಂಗಿಯ ಗಂಡ ಮೂವತ್ತೆರಡು ವರ್ಷಗಳಿಂದ ವಿಜ್ಞಾನದ ಸೇವೆ ಮಾಡುತ್ತಿದ್ದಾರೆ. ಯಾವ ವಿಜ್ಞಾನ ಎಂದು ಯಾರಾದರೂ ಕೇಳಿದರೆ ಸ್ವಲ್ಪ ಹೊತ್ತು ಯೋಚಿಸಿ, "ಎಲ್ಲಾನೂ" ಎನ್ನುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಅವರು ಕೆಲಸ ಮಾಡುವ ಸಂಶೋಧನಾಲಯದಲ್ಲಿ ನಾಲ್ಕು ವಿಭಾಗಗಳಿವೆ. ಒಂದರಲ್ಲಿ ಮನುಷ್ಯರ ರಕ್ತ ಪರೀಕ್ಷೆ ಮಾಡುತ್ತಾರೆ. ಇನ್ನೊಂದರಲ್ಲಿ ಕಡಲಿನ ಚಿಪ್ಪುಜೀವಿಗಳನ್ನು ತೊಟ್ಟಿಗಳಲ್ಲಿ ಸಾಕಿ, ಅವು ನೀರಿನಿಂದ ಏನೇನು ಹೀರಿಕೊಂಡವು ಎಂದು ನೋಡುತ್ತಾರೆ. ಮತ್ತೊಂದರಲ್ಲಿ ನೆಲದಡಿಯ ಕಲ್ಲುಗಳನ್ನು ತಂದು ಒಡೆದು ಪುಡಿ ಮಾಡಿ ತೂಗುತ್ತಾರೆ. ನಾಲ್ಕನೆಯ ವಿಭಾಗದ ಕೆಲಸ, ಈ ಮೂವರಲ್ಲಿ ಯಾರಿಗೂ ವಿಕಿರಣ ತಾಗದ ಹಾಗೆ ಕಾಯುವುದು. ನಾಲ್ಕಕ್ಕೂ ಸೇರಿ ಉಗ್ರಾಣ ಒಂದೇ. ಆ ಉಗ್ರಾಣದ ಕಿಟಕಿಯ ಹಿಂದೆ ಕೂತವರು ನನ್ನ ತಂಗಿಯ ಗಂಡ.

ಎಲ್ಲರೂ ಅವರನ್ನು ರಸೀದಿಯಪ್ಪ ಎನ್ನುತ್ತಾರೆ. ಕಾರಣವಿದೆ. ಒಮ್ಮೆ ನಿರ್ದೇಶಕರು ತಾವೇ ಕಿಟಕಿಗೆ ಬಂದು ಒಂದು ಗುಂಡುಸೂಜಿ ಕೇಳಿದರಂತೆ. ಇವರು ಸೂಜಿಯನ್ನು ತೆಗೆದು, ಕೊಡದೆ, ಎರಡು ಬೆರಳಿನಲ್ಲಿ ಹಿಡಿದುಕೊಂಡು, ರಸೀದಿ ಪುಸ್ತಕವನ್ನು ಮುಂದೆ ತಳ್ಳಿದರು. ನಿರ್ದೇಶಕರು ಸಹಿ ಮಾಡಿದರು. ಇವರು ಇನ್ನೂ ಸೂಜಿ ಕೊಡಲಿಲ್ಲ. "ಕೊನೇ ಅಂಕಣ ಖಾಲಿ ಇದೆ ಸಾರ್, ವಾಪಸು ಕೊಡ್ತೀರೋ ಇಲ್ಲವೋ ಬರೀಬೇಕು" ಎಂದರು. ಮನೆಯಲ್ಲೂ ಇದೇ ಪದ್ಧತಿ. ಮಳೆಯ ದಿನ ನನ್ನ ಕೊಡೆ ತೆಗೆದುಕೊಂಡು ಹೋದರೆ ನನಗೆ ರಸೀದಿ ಕೊಡುತ್ತಾರೆ. ಮದುವೆಯಾಗಿ ನನ್ನ ತಂಗಿಯನ್ನು ಕರೆದುಕೊಂಡು ಹೋದ ದಿನ ಮಾತ್ರ ರಸೀದಿ ಕೊಡಲಿಲ್ಲ ಎಂದು ನಾನು ಅವರನ್ನು ಬಹಳ ವರ್ಷ ಹಾಸ್ಯ ಮಾಡುತ್ತಿದ್ದೆ. ಈಗ ಆ ಹಾಸ್ಯವನ್ನು ನಿಲ್ಲಿಸಿದ್ದೇನೆ.

ಇಷ್ಟು ಕಟ್ಟುನಿಟ್ಟಿನ ಮನುಷ್ಯನ ಎದೆಯ ಮೇಲೆ ಒಂದು ಬ್ಯಾಡ್ಜು ಇರಲಿಲ್ಲ. ಸಂಶೋಧನಾಲಯದಲ್ಲಿ ವಿಕಿರಣ ಇರಬಹುದಾದ ಕೋಣೆಗಳಿಗೆ ಹೋಗುವವರಿಗೆಲ್ಲ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಂಥ ಬ್ಯಾಡ್ಜು ಕೊಡುತ್ತಾರೆ. ಅದರೊಳಗೊಂದು ಬಿಲ್ಲೆ, ತೊಟ್ಟವರಿಗೆ ಎಷ್ಟು ವಿಕಿರಣ ತಾಗಿತು ಎಂಬುದು ಅದರಲ್ಲಿ ದಾಖಲಾಗುತ್ತದೆ. ವಿಜ್ಞಾನಿಗಳಿಗೆ ಇದೆ, ಅವರ ಸಹಾಯಕರಿಗೆ ಇದೆ, ಆ ಕೋಣೆಗಳನ್ನು ಗುಡಿಸುವವರಿಗೂ ಇದೆ. ಉಗ್ರಾಣದವರಿಗೆ ಇರಲಿಲ್ಲ. ನನ್ನ ತಂಗಿಗೆ ಇದೊಂದು ಕೊರತೆ. "ಅಲ್ರೀ, ಗುಡಿಸೋರಿಗೂ ಬ್ಯಾಡ್ಜಿದೆ, ನಿಮಗ್ಯಾಕಿಲ್ಲ? ಒಂದ್ಸಲ ಹಾಕ್ಕೊಂಡು ಬನ್ನಿ, ಹೇಗೆ ಕಾಣ್ತೀರಿ ನೋಡ್ತೀನಿ" ಎಂದು ಅವಳು ಕೊನೆಯ ಕಾಯಿಲೆಯಲ್ಲಿ ಮಲಗಿದಾಗಲೂ ಹೇಳಿದ್ದು ನನ್ನ ಕಿವಿಯಲ್ಲಿದೆ. ಅವಳು ಹೋದ ಒಂದು ತಿಂಗಳಿಗೆ, ಕಲ್ಲಿನ ಪೆಟ್ಟಿಗೆಗಳ ಕೋಣೆಯನ್ನು ಉಗ್ರಾಣಕ್ಕೆ ಸೇರಿಸಿದರು. ಉಗ್ರಾಣದವರಿಗೆ ಬ್ಯಾಡ್ಜು ಬಂತು. ನಲವತ್ತೊಂದನೆಯ ನಂಬರು.

ಇಲ್ಲಿ ಅವರ ಮನೆಯ ಒಂದು ಮೂಲೆಯ ವಿಷಯ ಹೇಳಬೇಕು. ನಡುಮನೆಯ ಗೋಡೆಗೆ ಒಂದು ಅಗಲವಾದ ಹಲಗೆ ಹೊಡೆದಿದ್ದಾರೆ. ಅದರ ಮೇಲೆ ನನ್ನ ತಂಗಿಯ ಭಾವಚಿತ್ರ, ಒಂದು ಸಣ್ಣ ದೀಪ, ಅವಳು ದಿನವೂ ಓದುತ್ತಿದ್ದ ಪ್ರಾರ್ಥನೆಯ ಪುಸ್ತಕ. ಪುಸ್ತಕ ಅವಳು ಕೊನೆಯ ದಿನ ಓದಿದ ಪುಟಕ್ಕೆ ತೆರೆದೇ ಇತ್ತು. ಫ್ಯಾನಿನ ಗಾಳಿಗೆ ಪುಟ ಹಾರದಂತೆ ಅದರ ಮೇಲೆ ಅವಳೇ ಇಡುತ್ತಿದ್ದ ಕಲ್ಲು ಇತ್ತು. ಮುಷ್ಟಿಯಷ್ಟು ದೊಡ್ಡ ಕಪ್ಪು ಕಲ್ಲು. ಗಾತ್ರಕ್ಕೆ ಮೀರಿದ ಭಾರ. ಮೇಲೆ ಅಲ್ಲಲ್ಲಿ ಅರಿಶಿನ ಚಿಮುಕಿಸಿದಂತೆ ಹಳದಿ. ಮದುವೆಯಾದ ವರ್ಷ ಅವಳ ಗಂಡ ಅದನ್ನು ಸಂಶೋಧನಾಲಯದಿಂದ ಅವಳಿಗೆಂದು ತಂದಿದ್ದರು. ಎಸೆಯುವುದಕ್ಕೆ ಇಟ್ಟಿದ್ದ ಕಲ್ಲಂತೆ. ತಮ್ಮ ಇಡೀ ಉದ್ಯೋಗದಲ್ಲಿ ಅವರು ರಸೀದಿಯಿಲ್ಲದೆ ಹೊರಗೆ ತಂದ ಸಾಮಾನು ಅದೊಂದೇ.

ಅವಳು ಹೋದಮೇಲೆ ನಾನು ಪ್ರತಿ ಸಂಜೆ ಹೋಗಿ ಅವಳ ಪುಸ್ತಕದಿಂದ ಓದುತ್ತೇನೆ. ಆದರೆ ಕಲ್ಲನ್ನು ಎತ್ತಲು ಭಾವ ಬಿಡುತ್ತಿರಲಿಲ್ಲ. "ಇರಲಿ ಭಾವ, ಅವಳು ಇಟ್ಟಿದ್ದು" ಎನ್ನುತ್ತಿದ್ದರು. (ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು.) ಹೀಗಾಗಿ ನಾನು ತಿಂಗಳುಗಟ್ಟಲೆ ಒಂದೇ ಪುಟವನ್ನು ಓದುತ್ತಿದ್ದೆ. ಆ ಪುಟ ಒಂದು ವಾಕ್ಯದ ನಡುವೆ ಮುಗಿಯುತ್ತದೆ. "ಆದ್ದರಿಂದ ಈ ದಾರಿಯಲ್ಲಿ ನಡೆಯುವವನು ತನ್ನ ಹೊರೆಯನ್ನು" ಎಂಬಲ್ಲಿಗೆ ಪುಟ ಮುಗಿದು, ಮುಂದಿನದು ಹಿಂಬದಿಯಲ್ಲಿದೆ. ಹೊರೆಯನ್ನು ಏನು ಮಾಡಬೇಕು ಎಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಅಲ್ಲಿಗೆ ನಿಲ್ಲಿಸಿ ಕೈಮುಗಿಯುತ್ತಿದ್ದೆವು.

ಬ್ಯಾಡ್ಜು ಬಂದ ದಿನ ಭಾವ ಅದನ್ನು ಅಂಗಿಗೆ ಸಿಕ್ಕಿಸಿಕೊಂಡೇ ಮನೆಗೆ ಬಂದರು. ಚಿತ್ರದ ಮುಂದೆ ಐದು ನಿಮಿಷ ನಿಂತು, ಆಮೇಲೆ ಬ್ಯಾಡ್ಜನ್ನು ತೆಗೆದು ಕಲ್ಲಿಗೆ ಒರಗಿಸಿ ಇಟ್ಟರು. "ನೋಡು, ಬಂತು" ಎಂದರು. ಆಮೇಲೆ ದಿನವೂ ಹಾಗೆಯೇ. ಬೆಳಿಗ್ಗೆ ಎದೆಯ ಮೇಲೆ, ಸಂಜೆಯಿಂದ ಮುಂಜಾನೆಯವರೆಗೆ ಕಲ್ಲಿನ ಮಗ್ಗುಲಲ್ಲಿ.

ಈ ಪದ್ಧತಿ ನಿಯಮಕ್ಕೆ ವಿರುದ್ಧವಾಗಿತ್ತು. ಸಂಜೆ ಎಲ್ಲರೂ ಬ್ಯಾಡ್ಜನ್ನು ಸಂಶೋಧನಾಲಯದ ಮೊಗಸಾಲೆಯಲ್ಲಿರುವ ಕೊಕ್ಕೆಗಳ ಹಲಗೆಗೆ ತೂಗುಹಾಕಿ ಹೋಗಬೇಕು. ಇದನ್ನು ವಿಕಿರಣ ರಕ್ಷಣೆಯ ಅಧಿಕಾರಿಯಾದ ಹೆಣ್ಣುಮಗಳು ಒಂದು ಗಂಟೆ ವಿವರಿಸಿದ್ದರಂತೆ. ಆ ಒಂದು ಗಂಟೆಯೂ ಭಾವ ತಮ್ಮ ನಂಬರನ್ನು ಅಂಗಿಯ ತುದಿಯಿಂದ ಒರೆಸುತ್ತ ಕೂತಿದ್ದರು. ಬ್ಯಾಡ್ಜು ವಿಕಿರಣವನ್ನು ಅಳೆಯುತ್ತದೆ ಎಂಬುದೂ ಅವರ ತಲೆಗೆ ಬೇರೆ ಬಗೆಯಲ್ಲಿ ಇಳಿದಿತ್ತು. ಅದು ಒಂದು ತಾಯಿತದ ಹಾಗೆ, ಬರುವ ವಿಕಿರಣವನ್ನೆಲ್ಲ ತಾನೇ ನುಂಗಿಕೊಂಡು ತೊಟ್ಟವನನ್ನು ಕಾಯುತ್ತದೆ, ಯಾರ ಬ್ಯಾಡ್ಜು ಹೆಚ್ಚು ನುಂಗಿತೋ ಅವರು ಹೆಚ್ಚು ದುಡಿದರು ಎಂದು ಅವರು ತಿಳಿದಿದ್ದರು. ನನಗೂ ಹಾಗೆಯೇ ತಿಳಿಸಿದರು. ನಾನೂ ನಂಬಿದೆ.

ಮೂರು ತಿಂಗಳಿಗೊಮ್ಮೆ ಬಿಲ್ಲೆಗಳನ್ನು ಓದಿ ಪಟ್ಟಿ ಮಾಡುತ್ತಾರೆ. ಹನ್ನೊಂದು ವರ್ಷಗಳಿಂದ ಆ ಪಟ್ಟಿಯಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಬಂದಿರಲಿಲ್ಲವಾದ್ದರಿಂದ ಟೈಪಿಸ್ಟು ಅದನ್ನು ಓದುವ ಗೋಜಿಗೆ ಹೋಗದೆ ಸೂಚನಾಫಲಕಕ್ಕೆ ಅಂಟಿಸಿಬಿಡುತ್ತಿದ್ದ. ಆ ಸಲವೂ ಅಂಟಿಸಿದ. ಅಧಿಕಾರಿ ಆ ದಿನ ರಜದಲ್ಲಿದ್ದರು.

ಸಂಜೆ ಭಾವ ಕೈಯಲ್ಲಿ ಸಿಹಿಯ ಪೊಟ್ಟಣ ಹಿಡಿದು ಅದೇ ಬೀದಿಯಲ್ಲಿರುವ ನನ್ನ ಮನೆಗೇ ಬಂದರು. ಮುಖ ಬೆಳಗಿತ್ತು. ಕೂರಲೂ ಇಲ್ಲ.

"ಪಟ್ಟಿ ಬಂತು ಭಾವ. ನಲವತ್ತು ಜನಕ್ಕೂ ಸೊನ್ನೆ. ನಿರ್ದೇಶಕರಿಗೂ ಸೊನ್ನೆ. ನಂದು ಮೂವತ್ತೆಂಟು."

ನಾನು ನಲವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಮೇಷ್ಟ್ರು. ಅಂಕಗಳ ವಿಷಯದಲ್ಲಿ ನನ್ನ ಮಾತಿಗೆ ಬೆಲೆಯಿದೆ. ಎಷ್ಟಕ್ಕೆ ಮೂವತ್ತೆಂಟು ಎಂದು ಕೇಳಿದೆ. ಅದನ್ನು ಹಾಕಿಲ್ಲ ಎಂದರು. ಎಷ್ಟಕ್ಕಾದರೂ ಆಗಲಿ, ಮಿಕ್ಕವರೆಲ್ಲ ಸೊನ್ನೆ ಪಡೆದ ತರಗತಿಯಲ್ಲಿ ಮೂವತ್ತೆಂಟು ಪಡೆದವನೇ ಮೊದಲಿಗ ಎಂದು ನಾನು ತೀರ್ಪು ಕೊಟ್ಟೆ. ಇಬ್ಬರೂ ಬೀದಿಗೆ ಸಿಹಿ ಹಂಚಿದೆವು. ಎದುರುಮನೆಯಾಕೆ ಎರಡು ತುಂಡು ತೆಗೆದುಕೊಂಡು, ನಿರ್ದೇಶಕರಿಗೆ ಸೊನ್ನೆ ಬಂದದ್ದಕ್ಕೆ ತುಂಬ ಮರುಗಿದರು. ಇಸ್ತ್ರಿಯವನು, ಇಷ್ಟು ವರ್ಷ ಕಿಟಕಿಯಲ್ಲಿ ಕೂರಿಸಿದ್ದು ಅನ್ಯಾಯ, ಇನ್ನಾದರೂ ಒಳಗೆ ಕರೆಯಬೇಕು ಎಂದ.

ಮರುದಿನ ಬೆಳಿಗ್ಗೆ ಒಳಗೆ ಕರೆದರು.

ಅಧಿಕಾರಿಯ ಮೇಜಿನ ಮುಂದೆ ವೈದ್ಯ ವಿಭಾಗದ ಡಾಕ್ಟರೂ ಕೂತಿದ್ದರು. ಇಬ್ಬರ ಮುಖವೂ ಅಭಿನಂದಿಸುವವರ ಮುಖದಂತೆ ಇರಲಿಲ್ಲ. ಮೂವತ್ತೆಂಟು ಎಂದರೆ ಒಬ್ಬ ಮನುಷ್ಯನಿಗೆ ಇಡೀ ವರ್ಷದಲ್ಲಿ ತಾಗಬಹುದಾದ ಮಿತಿಯ ಹೆಚ್ಚುಕಡಿಮೆ ಎರಡರಷ್ಟು, ಅದೂ ಮೂರೇ ತಿಂಗಳಲ್ಲಿ ಎಂದು ಆಕೆ ನಿಧಾನವಾಗಿ ತಿಳಿಸಿದರು. ಆಗ ಭಾವನಿಗೆ ತಾವು ಪಡೆದದ್ದು ಬಹುಮಾನವಲ್ಲ ಎಂದು ಅರ್ಥವಾಯಿತು. ಯಾವ ಪೆಟ್ಟಿಗೆ ಮುಟ್ಟಿದಿರಿ, ಎಲ್ಲಿ ಎಷ್ಟು ಹೊತ್ತು ನಿಂತಿರಿ ಎಂದೆಲ್ಲ ಕೇಳಿ, ಕೊನೆಗೆ ಆಕೆ, "ಸಂಜೆ ಬ್ಯಾಡ್ಜನ್ನ ಹಲಗೆಗೇ ತೂಗುಹಾಕ್ತಿದ್ರಿ ತಾನೆ?" ಎಂದರು.

ಇಲ್ಲ ಎಂದರೆ ಬ್ಯಾಡ್ಜು ಹೋಗುತ್ತದೆ. ಬ್ಯಾಡ್ಜು ಹೋದರೆ ಸಂಜೆ ಚಿತ್ರದ ಮುಂದೆ ಏನು ತೋರಿಸುವುದು?

"ಹೌದು ಮೇಡಂ" ಎಂದರು ಭಾವ.

ಮೂವತ್ತೆರಡು ವರ್ಷ ಗುಂಡುಸೂಜಿಗೂ ಲೆಕ್ಕ ಇಟ್ಟ ಮನುಷ್ಯನ ಮೊದಲ ಸುಳ್ಳು ಅದು. ಅಂಥವರ ಸುಳ್ಳನ್ನು ಯಾರೂ ಸಂಶಯಿಸುವುದಿಲ್ಲ. ಹಾಗೆ ಸಂಶಯಿಸದೆ ಹೋದದ್ದರಿಂದ ಮಧ್ಯಾಹ್ನದೊಳಗೆ ಉಗ್ರಾಣಕ್ಕೆ ಹಳದಿ ಪಟ್ಟಿ ಸುತ್ತಿ ಬೀಗ ಹಾಕಿದರು. ಬ್ಯಾಡ್ಜಿನಲ್ಲಿ ಮೂವತ್ತೆಂಟು ಬಂದಿದೆ, ಬ್ಯಾಡ್ಜು ಸಂಶೋಧನಾಲಯ ಬಿಟ್ಟು ಹೋಗಿಲ್ಲ, ಆದ್ದರಿಂದ ಸಂಶೋಧನಾಲಯದಲ್ಲೇ ಎಲ್ಲೋ ಸೋರುತ್ತಿದೆ. ಈ ತರ್ಕದಲ್ಲಿ ಯಾವ ದೋಷವೂ ಇರಲಿಲ್ಲ.

ಎಲ್ಲರೂ ಮೊದಲು ಕಲ್ಲಿನ ವಿಭಾಗದ ಕಡೆಗೆ ನೋಡಿದರು. ಅದರ ಮುಖ್ಯಸ್ಥರು ಇನ್ನೇನು ನಿವೃತ್ತರಾಗಲಿರುವ, ಕಲ್ಲಿನಷ್ಟೇ ಗಟ್ಟಿಯಾದ ಮನುಷ್ಯ. ತಮ್ಮ ಒಂದೊಂದು ಕಲ್ಲಿಗೂ ನಂಬರಿದೆ, ಪೆಟ್ಟಿಗೆಯಿದೆ, ಅವುಗಳಲ್ಲಿ ಒಂದೂ ತನ್ನ ಜಾಗ ಬಿಟ್ಟು ಕದಲುವುದಿಲ್ಲ, ಕದಲುವುದು ಕಡಲ ಪ್ರಾಣಿಗಳ ಸ್ವಭಾವ, ಆ ತೊಟ್ಟಿಗಳನ್ನು ನೋಡಿ ಎಂದು ಅವರು ಸಭೆಯಲ್ಲಿ ಹೇಳಿದರು. ಕಡಲ ವಿಭಾಗದವರನ್ನು ಎಲ್ಲರೂ ಚಿಪ್ಪಿನ ಡಾಕ್ಟರು ಎನ್ನುತ್ತಾರೆ. ಅವರು ಮೆತ್ತಗಿನ ದನಿಯವರು. ತಮ್ಮ ಚಿಪ್ಪುಗಳು ಹೆಜ್ಜೆಯ ಸಪ್ಪಳ ಕೇಳಿದರೆ ಬಾಯಿ ಮುಚ್ಚಿಕೊಳ್ಳುತ್ತವೆ, ಒಮ್ಮೆ ಮುಚ್ಚಿದರೆ ಅರ್ಧ ದಿನ ತೆರೆಯುವುದಿಲ್ಲ, ಆರು ತಿಂಗಳ ಪ್ರಯೋಗ ಹಾಳಾಗುತ್ತದೆ, ಅಳೆಯುವವರು ಬರುವುದಾದರೆ ಬರಿಗಾಲಲ್ಲಿ ಬರಲಿ ಎಂದರು. ಹಾಗಾಗಿ ರಕ್ಷಣಾ ವಿಭಾಗದ ನಾಲ್ಕು ಜನ ಮೀಟರು ಹಿಡಿದುಕೊಂಡು ಬರಿಗಾಲಲ್ಲಿ, ಉಸಿರು ಬಿಗಿಹಿಡಿದು, ಎರಡು ದಿನ ತೊಟ್ಟಿಗಳ ನಡುವೆ ಓಡಾಡಿದರು. ಚಿಪ್ಪುಗಳು ಆದರೂ ಬಾಯಿ ಮುಚ್ಚಿಕೊಂಡವು. ಕಲ್ಲಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಎಲ್ಲೂ ಸೋರಿಕೆಯಿಲ್ಲ. ಮುಖ್ಯಸ್ಥರು ಚಿಪ್ಪಿನ ಡಾಕ್ಟರೊಂದಿಗೂ, ಚಿಪ್ಪಿನ ಡಾಕ್ಟರು ಎಲ್ಲರೊಂದಿಗೂ ಮಾತು ಬಿಟ್ಟರು.

ಭಾವನಿಗೆ ಎರಡು ವಾರ ರಜ ಕೊಟ್ಟು, ಸಂಶೋಧನಾಲಯದ ಕಡೆ ಬರಬಾರದು ಎಂದರು. ಬ್ಯಾಡ್ಜನ್ನು ತೆಗೆದಿಟ್ಟುಕೊಂಡರು. ಆಗ ಭಾವ ಕದಲದೆ ನಿಂತು, ಒಂದೋ ತೆಗೆದುಕೊಂಡದ್ದಕ್ಕೆ ರಸೀದಿ ಕೊಡಿ, ಇಲ್ಲವೇ ಇನ್ನೊಂದು ಬ್ಯಾಡ್ಜು ಕೊಡಿ ಎಂದು ಪಟ್ಟು ಹಿಡಿದರು. ಅಧಿಕಾರಿಗೆ ಆ ಹೊತ್ತಿನಲ್ಲಿ ರಸೀದಿ ಪುಸ್ತಕ ಹುಡುಕುವುದಕ್ಕಿಂತ ಹೆಚ್ಚುವರಿ ಬ್ಯಾಡ್ಜೊಂದನ್ನು ಕೊಟ್ಟು ಸಾಗಹಾಕುವುದು ಸುಲಭವೆನಿಸಿತು. ಭಾವ ಅದಕ್ಕೆ ತಾವೇ ಸಹಿ ಮಾಡಿ, ಎದೆಗೆ ಸಿಕ್ಕಿಸಿಕೊಂಡು ಮನೆಗೆ ಬಂದರು. ಸಂಜೆ ಅದೂ ಕಲ್ಲಿನ ಮಗ್ಗುಲಿಗೆ ಸೇರಿತು.

ಸುದ್ದಿ ಅಷ್ಟರಲ್ಲಿ ಬೀದಿಗೆ ಬಂದಿತ್ತು. ನಮ್ಮ ಬೀದಿಯ ಜನ ಕೆಟ್ಟವರಲ್ಲ. ಸಿಹಿ ತಿಂದ ಬಾಯಲ್ಲಿ ನಿಷ್ಠುರ ಮಾತಾಡಲು ಅವರಿಗೆ ಮನಸ್ಸು ಬರಲಿಲ್ಲ. ಆದರೆ ಇಸ್ತ್ರಿಯವನು ಭಾವನ ಅಂಗಿಗಳನ್ನು ಬೇರೆ ಮೇಜಿನ ಮೇಲೆ, ಒಂದು ಉದ್ದನೆಯ ಕೋಲಿನಿಂದ ಎತ್ತಿ ಹಾಕತೊಡಗಿದ. ಹಾಲಿನವನು ಗೇಟಿನ ಆಚೆ ಕ್ಯಾನು ಇಟ್ಟು, ಗಂಟೆ ಬಾರಿಸಿ, ಓಡುತ್ತಿದ್ದ. ಪಕ್ಕದ ಮನೆಯ ಮುದುಕರು ತಮ್ಮ ಟಿ.ವಿ.ಯ ಚಿತ್ರ ನಡುಗುವುದಕ್ಕೆ ಇದೇ ಕಾರಣ ಎಂದು ಕಂಡುಹಿಡಿದು, ಸುದ್ದಿ ಬರುವ ಅರ್ಧ ಗಂಟೆ ಮಾತ್ರ ಮನೆಯ ಹಿಂಭಾಗದಲ್ಲಿ ಕೂರುವಂತೆ ಭಾವನನ್ನು ವಿನಯದಿಂದ ಕೇಳಿಕೊಂಡರು. ಭಾವ ಹಾಗೆಯೇ ಕೂತರು. ಚಿತ್ರ ಇನ್ನೂ ಹೆಚ್ಚು ನಡುಗಿತು. ಸ್ವಲ್ಪ ಮುಂದೆ ಬರಲು ಹೇಳಿದರು.

ಎದುರುಮನೆಯಾಕೆ ಮಾತ್ರ ಬೇರೆ ಬಗೆಯಲ್ಲಿ ಯೋಚಿಸಿದರು. ಅವರ ಕುಂಡದ ಗುಲಾಬಿ ಎರಡು ವರ್ಷದಿಂದ ಹೂ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಅವರು ಕುಂಡವನ್ನು ಹೊತ್ತು ತಂದು ಭಾವನ ಜಗಲಿಯಲ್ಲಿಟ್ಟು, ದೂರ ಸರಿದು ನಿಂತರು.

"ನೀವೇನೂ ಮಾಡೋದು ಬೇಡ ಅಣ್ಣಾ. ಪೇಪರ್ ಓದುವಾಗ ಇದರ ಪಕ್ಕ ಕೂತ್ಕೊಳ್ಳಿ, ಸಾಕು."

ಭಾವ ಕುಂಡಕ್ಕೆ ರಸೀದಿ ಬರೆದುಕೊಟ್ಟು, ಪಕ್ಕದಲ್ಲಿ ಕೂತರು.

ನಾನು ಪ್ರತಿ ಸಂಜೆ ಹೋಗುತ್ತಲೇ ಇದ್ದೆ. ನನ್ನ ವಯಸ್ಸಿಗೆ ಯಾವ ವಿಕಿರಣ ಬಂದರೂ ಹೆಚ್ಚೇನೂ ಕಸಿದುಕೊಳ್ಳಲಾರದು. ಅದೇ ಪುಟ ಓದುತ್ತಿದ್ದೆ. ಹೊರೆಯನ್ನು ಎಂಬಲ್ಲಿ ನಿಲ್ಲಿಸುತ್ತಿದ್ದೆ. ಒಂದು ಸಂಜೆ ಭಾವ ಕೈಮುಗಿದು ಮುಗಿಸಿದಮೇಲೆ, ತಾವು ಸುಳ್ಳು ಹೇಳಿದ್ದನ್ನು ನನ್ನ ಮುಂದೆ ಒಪ್ಪಿಕೊಂಡರು. ತಮ್ಮೊಬ್ಬರಿಂದ ಉಗ್ರಾಣಕ್ಕೆ ಬೀಗ ಬಿದ್ದಿದೆ, ನಾಲ್ಕು ಜನ ಬರಿಗಾಲಲ್ಲಿ ಓಡಾಡಿದ್ದಾರೆ, ಚಿಪ್ಪುಗಳು ಬಾಯಿ ಬಿಡುತ್ತಿಲ್ಲ ಎಂದು ತುಂಬ ನೊಂದುಕೊಂಡರು. ಹೋಗಿ ಹೇಳಿಬಿಡಿ ಎಂದೆ. ಅವರು ಚಿತ್ರದ ಕಡೆ ನೋಡಿ, "ಬ್ಯಾಡ್ಜ್ ತಗೊಂಡ್ಬಿಡ್ತಾರೆ ಭಾವ. ಇವಳು ಕೇಳಿದ್ದು ಇದೊಂದೇ" ಎಂದರು. ನಾನು ಮತ್ತೆ ಹೇಳಲಿಲ್ಲ.

ರಜ ಮುಗಿದ ದಿನ ಭಾವ ಹೆಚ್ಚುವರಿ ಬ್ಯಾಡ್ಜಿನೊಂದಿಗೆ ಹಾಜರಾದರು. ಅಧಿಕಾರಿ ಅದನ್ನು ಹಾಗೆ ಸುಮ್ಮನೆ ಯಂತ್ರಕ್ಕೆ ಹಾಕಿ ನೋಡಿದರು. ಆರು ಬಂತು.

ಈಗ ಸಂಶೋಧನಾಲಯ ನಿಜವಾಗಿ ಬೆಚ್ಚಿತು. ಈ ಮನುಷ್ಯ ಎರಡು ವಾರ ಒಳಗೆ ಕಾಲಿಟ್ಟಿಲ್ಲ. ಅದೇ ಎರಡು ವಾರ ಉಗ್ರಾಣದ ಒಳಗೆ ಪರೀಕ್ಷೆಗೆಂದು ತೂಗುಹಾಕಿದ್ದ ಬ್ಯಾಡ್ಜುಗಳೆಲ್ಲ ಸೊನ್ನೆ. ಹಾಗಾದರೆ ವಿಕಿರಣ ಇರುವುದು ಉಗ್ರಾಣದಲ್ಲಲ್ಲ, ಉಗ್ರಾಣದವರಲ್ಲಿ ಎಂದು ವೈದ್ಯ ವಿಭಾಗದ ಡಾಕ್ಟರು ಪ್ರಕಟಿಸಿದರು. ಅವರ ಕಣ್ಣುಗಳಲ್ಲಿ ಒಂದು ಬೆಳಕು ಬಂದಿತ್ತಂತೆ. ಇಪ್ಪತ್ತು ವರ್ಷಗಳಿಂದ ಅವರು ಆರೋಗ್ಯವಂತರ ರಕ್ತವನ್ನೇ ನೋಡಿ ಬೇಸತ್ತಿದ್ದರು. ತಾನೇ ವಿಕಿರಣ ಬೀರುವ ಮನುಷ್ಯ ಸಿಕ್ಕರೆ ಬೇರೆ ಬೇರೆ ದೇಶದವರು ಓದುವ ಪತ್ರಿಕೆಯಲ್ಲಿ ಬರೆಯಬಹುದು. ಭಾವನನ್ನು ಅಂಗಿ ಬಿಚ್ಚಿಸಿ ನಿಲ್ಲಿಸಿ, ತಲೆಯಿಂದ ಕಾಲಿನವರೆಗೆ ಮೀಟರು ಆಡಿಸಿದರು. ಮೀಟರು ಸುಮ್ಮನಿತ್ತು. ನಾಲಿಗೆ ಚಾಚಿಸಿದರು. ಸುಮ್ಮನಿತ್ತು. ಡಾಕ್ಟರು ಬೇಸರದಿಂದ, ಇನ್ನೊಂದೇ ಸಲ ಬೆನ್ನು ತೋರಿಸಿ ಎಂದು ಕೇಳಿಕೊಂಡರು.

ಅಧಿಕಾರಿ ಮಾತ್ರ ಅಷ್ಟು ಹೊತ್ತೂ ಕೂತು ಯೋಚಿಸುತ್ತಿದ್ದರು. ಭಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿರುವಾಗ ಆಕೆ, "ಈ ಎರಡು ವಾರ ಮನೇಲಿ ಬ್ಯಾಡ್ಜ್ ಎಲ್ಲಿಡ್ತಿದ್ರಿ?" ಎಂದರು.

"ಅವಳ ಮುಂದೆ."

"ಅದಕ್ಕೆ ಮುಂಚೆ, ಆ ಮೂರು ತಿಂಗಳು?"

ಭಾವ ಕೊನೆಯ ಗುಂಡಿಯನ್ನು ಹಾಕಿ, ತೆಗೆದು, ಮತ್ತೆ ಹಾಕಿದರು. ಆಮೇಲೆ, "ಅಲ್ಲೇ ಮೇಡಂ. ನಾನು ಸುಳ್ಳು ಹೇಳಿದೆ" ಎಂದರು.

ಅದೇ ಸಂಜೆ ನಾನು ಹೋಗುವ ಹೊತ್ತಿಗೆ ಸಂಶೋಧನಾಲಯದ ವ್ಯಾನು ಬಾಗಿಲಲ್ಲಿತ್ತು. ಬೀದಿಯವರು ತಮ್ಮ ತಮ್ಮ ಕಿಟಕಿಗಳಲ್ಲಿದ್ದರು. ಅಧಿಕಾರಿ ಮೀಟರು ಹಿಡಿದು ಬಂದಿದ್ದರು. ಡಾಕ್ಟರು ಆಸೆ ಬಿಟ್ಟಿರಲಿಲ್ಲವಾದ್ದರಿಂದ ಬಂದಿದ್ದರು. ಚಿಪ್ಪಿನ ಡಾಕ್ಟರು ತಮ್ಮ ಚಿಪ್ಪುಗಳು ನಿರಪರಾಧಿಗಳೆಂದು ಕಣ್ಣಾರೆ ಕಾಣಲು ಬಂದಿದ್ದರು. ಅವರು ಬಂದಿದ್ದಾರೆಂದು ಕಲ್ಲಿನ ಮುಖ್ಯಸ್ಥರೂ ಬಂದಿದ್ದರು. ಎಲ್ಲರೂ ಹೊರಗೆ ಚಪ್ಪಲಿ ಬಿಟ್ಟು ಸಾಲಾಗಿ ಒಳಗೆ ಬಂದರು.

ಬಾಗಿಲ ಬಳಿ ಮೀಟರು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು. ಇಷ್ಟು ಎಲ್ಲ ಕಡೆ ಇದ್ದದ್ದೇ ಎಂದರು ಅಧಿಕಾರಿ. ನಡುಮನೆಯಲ್ಲಿ ಎರಡು ಹೆಜ್ಜೆ ಇಟ್ಟರು. ಇನ್ನೆರಡು. ಹಲಗೆಯ ಹತ್ತಿರ ಹೋದಂತೆ ಟಿಕ್ ಟಿಕ್ ಒಂದಕ್ಕೊಂದು ಕೂಡಿಕೊಂಡು, ಕಲ್ಲಿನ ಮೇಲೆ ಹಿಡಿದಾಗ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗಾಯಿತು. ಡಾಕ್ಟರು ನಿಟ್ಟುಸಿರು ಬಿಟ್ಟರು.

ಕಲ್ಲಿನ ಮುಖ್ಯಸ್ಥರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಬದಲಾಯಿತು. ಯುರೇನಿಯಂ ಇರುವ ಅದಿರು, ಒಳ್ಳೆಯ ಜಾತಿಯದು ಎಂದರು. ಆಮೇಲೆ ಚಿಪ್ಪಿನ ಡಾಕ್ಟರ ಕಡೆ ನೋಡದೆ, ಇದನ್ನು ಕೊಟ್ಟವನು ನಾನೇ ಎಂದರು. ಆಗ ಅವರು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ. ನಂಬರು ಹಾಕದ ಕಲ್ಲುಗಳ ರಾಶಿಯನ್ನು ಎಸೆಯಲು ಹೇಳಿದ್ದರು. ಉಗ್ರಾಣದವರಿಗೆ ಮದುವೆಯಾಗಿದೆ ಎಂದು ತಿಳಿದು, ಚೆನ್ನಾಗಿ ಕಂಡದ್ದೊಂದನ್ನು ಆರಿಸಿ ಕೈಗೆ ಹಾಕಿ, ಮನೆಗೆ ಒಯ್ಯಿರಿ ಎಂದಿದ್ದರು. ಚಿಪ್ಪಿನ ಡಾಕ್ಟರು ಏನೋ ಹೇಳಲು ಬಾಯಿ ತೆರೆದು, ಭಾವನ ಮುಖ ನೋಡಿ, ತಮ್ಮ ಚಿಪ್ಪುಗಳ ಹಾಗೆ ಮುಚ್ಚಿಕೊಂಡರು. ಅದಕ್ಕಾಗಿ ನಾನು ಅವರನ್ನು ಗೌರವಿಸುತ್ತೇನೆ.

ಭಾವನಿಗೆ ಇವರ ಮಾತು ಯಾವುದೂ ಕೇಳಿಸುತ್ತಿರಲಿಲ್ಲ. ಅವರು ಒಮ್ಮೆ ಕಲ್ಲನ್ನು, ಒಮ್ಮೆ ಚಿತ್ರವನ್ನು ನೋಡುತ್ತಿದ್ದರು.

"ಮೇಡಂ, ಒಂದು ಕೇಳ್ತೀನಿ. ಇದ್ದದ್ದು ಇದ್ದ ಹಾಗೆ ಹೇಳಿ. ಮೂವತ್ತೊಂದು ವರ್ಷ ಇದು ಅವಳ ಹತ್ರ ಇತ್ತು. ಕೊಟ್ಟವನು ನಾನು. ಇದರಿಂದಲೇ ಅವಳು ಹೋದಳಾ?"

ಅಧಿಕಾರಿ ಮೀಟರನ್ನು ಹಲಗೆಯಿಂದ ದೂರ ಹಿಡಿದು, ಅಮ್ಮ ಎಲ್ಲಿ ಕೂತು ಓದುತ್ತಿದ್ದರು, ಎಷ್ಟು ಹೊತ್ತು, ಎಲ್ಲಿ ಮಲಗುತ್ತಿದ್ದರು, ಕಿಟಕಿ ತೆರೆದಿರುತ್ತಿತ್ತೇ ಎಂದು ಕೇಳಿದರು. ನಾನು ಹೇಳಿದೆ. ಡಾಕ್ಟರು ಕಾಯಿಲೆ ಏನು ಎಂದು ಕೇಳಿದರು. ಅದನ್ನೂ ನಾನೇ ಹೇಳಿದೆ. ಹೃದಯದ ಕವಾಟ ಕೆಟ್ಟಿತ್ತು. ಅವಳು ಒಂಬತ್ತು ವರ್ಷದವಳಿದ್ದಾಗ ಕೀಲುಗಳೆಲ್ಲ ಊದಿಕೊಂಡು ಜ್ವರ ಬಂದಿತ್ತು. ಎರಡು ತಿಂಗಳು ಮಲಗಿದ್ದಳು. ದಿನವೂ ಶಾಲೆಯಿಂದ ಬಂದು ನಾನು ಅವಳಿಗೆ ಪಾಠ ಓದಿ ಹೇಳುತ್ತಿದ್ದೆ. ಈ ಜ್ವರ ಹೋಗುವಾಗ ಹೃದಯವನ್ನು ಮುಟ್ಟಿ ಹೋಗಿದೆ ಎಂದು ಅಂದಿನ ವೈದ್ಯರು ನಮ್ಮ ತಂದೆಗೆ ಹೇಳಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೆ. ಈ ಕಲ್ಲನ್ನೂ ಈ ಭಾವನನ್ನೂ ಅವಳು ಕಾಣುವುದಕ್ಕೆ ಹದಿನೈದು ವರ್ಷ ಮುಂಚಿನ ಮಾತು ಅದು.

ಡಾಕ್ಟರು ಎದ್ದು ಬಂದು ಭಾವನ ಹೆಗಲ ಮೇಲೆ ಕೈಯಿಟ್ಟು, ಆ ಜ್ವರದ್ದೇ ಕೆಲಸ, ಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಆಗ ಅವರ ದನಿಯಲ್ಲಿ ಪತ್ರಿಕೆಯ ಆಸೆ ಇರಲಿಲ್ಲ.

ಅಧಿಕಾರಿ ಮೀಟರನ್ನು ಭಾವನ ಕೈಗೆ ಕೊಟ್ಟು, "ನೀವೇ ಕೇಳಿ ನೋಡಿ" ಎಂದರು. ಬಿಲ್ಲೆ ಇಡೀ ರಾತ್ರಿ ಕಲ್ಲಿಗೆ ಅಂಟಿಕೊಂಡಿತ್ತು, ಅದಕ್ಕೇ ಅಷ್ಟು ಅಂಕಿ. ಮನುಷ್ಯರು ದೂರದಲ್ಲಿದ್ದರು ಎಂದಷ್ಟೇ ಹೇಳಿದರು. ಭಾವ ಕಲ್ಲಿನಿಂದ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಸದ್ದು ತೆಳುವಾಯಿತು. ಅವಳು ಕೂತು ಓದುತ್ತಿದ್ದ ಕುರ್ಚಿಯ ಬಳಿ ಬಂದರು. ಟಿಕ್ ಎಂದು, ನಡುವೆ ಬಿಡುವು ಬಿಟ್ಟು, ಮತ್ತೆ ಟಿಕ್ ಎಂದಿತು. ಅವಳು ಮಲಗುತ್ತಿದ್ದ ಕೋಣೆಗೆ ಹೋದರು. ನಾವು ಯಾರೂ ಹಿಂದೆ ಹೋಗಲಿಲ್ಲ. ಅಲ್ಲಿ ಅದು ಬಾಗಿಲ ಬಳಿ ಇದ್ದ ಹಾಗೆಯೇ ಆಗೊಮ್ಮೆ ಈಗೊಮ್ಮೆ ಸದ್ದು ಮಾಡುವುದು ಹೊರಗಿನವರೆಗೆ ಕೇಳಿಸಿತು. ಭಾವ ಸುಮಾರು ಹೊತ್ತು ಅಲ್ಲೇ ನಿಂತಿದ್ದರು.

ಹೊರಗೆ ಬಂದಾಗ ಅವರು ಮೊದಲಿನ ಭಾವನಾಗಿದ್ದರು. ಕಲ್ಲನ್ನು ಮನೆಯಲ್ಲಿಡುವ ಹಾಗಿಲ್ಲ, ಸೀಸದ ಪೆಟ್ಟಿಗೆಯಲ್ಲಿ ತೆಗೆದುಕೊಂಡು ಹೋಗಬೇಕು ಎಂದು ಅಧಿಕಾರಿ ಸಂಕೋಚದಿಂದ ಹೇಳಿದರು. ಭಾವ ಒಪ್ಪಿದರು. ಆದರೆ ಒಳಗಿಂದ ರಸೀದಿ ಪುಸ್ತಕ ತಂದರು. ಮೊದಲು ತಾವೇ ಒಂದನ್ನು ಬರೆದು, ಮೂವತ್ತೊಂದು ವರ್ಷದ ಹಿಂದಿನ ತಾರೀಖು ಹಾಕಿ, ಕಲ್ಲು ಒಂದು, ಪಡೆದುಕೊಂಡಿದ್ದೇನೆ ಎಂದು ಸಹಿ ಮಾಡಿ ಕಲ್ಲಿನ ಮುಖ್ಯಸ್ಥರ ಕೈಗೆ ಕೊಟ್ಟರು. ಮುಖ್ಯಸ್ಥರು ಅದನ್ನು ಮಡಿಸಿ, ಎದೆಯ ಜೇಬಿನಲ್ಲಿ, ಬ್ಯಾಡ್ಜಿನ ಹಿಂದೆ ಇಟ್ಟುಕೊಂಡರು. ಆಮೇಲೆ ಪುಸ್ತಕ ಅಧಿಕಾರಿಯ ಮುಂದೆ ಹೋಯಿತು. ಆಕೆ ಬರೆಯಲು ಕೂತರು. ಸಾಮಾನು: ಕಲ್ಲು, ಒಂದು. ಯಾರಿಂದ ಪಡೆದದ್ದು ಎಂಬಲ್ಲಿ ಭಾವನ ಹೆಸರು ಬರೆಯಹೋದರು.

"ನನ್ನದಲ್ಲ. ಅವಳ ಹೆಸರು ಬರೀರಿ" ಎಂದು ಭಾವ ಅವಳ ಹೆಸರನ್ನು ಹೇಳಿದರು. ಅವಳು ಹೋದಮೇಲೆ ಆ ಮನೆಯಲ್ಲಿ ಆ ಹೆಸರು ಕೇಳಿಸಿದ್ದು ಅದೇ ಮೊದಲು.

ಕೊನೆಯ ಅಂಕಣದಲ್ಲಿ ಆಕೆಯ ಪೆನ್ನು ನಿಂತಿತು. ವಾಪಸು ಕೊಡುವುದೋ ಇಲ್ಲವೋ.

"ಇಲ್ಲ ಅಂತ ಬರೀರಿ ಮೇಡಂ. ಖಾಲಿ ಬಿಡಬಾರದು."

ಬ್ಯಾಡ್ಜನ್ನು ಆಕೆ ಕಿತ್ತುಕೊಳ್ಳಲಿಲ್ಲ. ನಿಯಮ ಮುರಿದದ್ದಕ್ಕೆ ಶಿಕ್ಷೆಯಾಗಿ, ಅಂದಿನಿಂದ ಕೊಕ್ಕೆಗಳ ಹಲಗೆಯ ಉಸ್ತುವಾರಿಯನ್ನೇ ಭಾವನಿಗೆ ಹೊರಿಸಿದರು. ಈಗ ಸಂಜೆ ಬ್ಯಾಡ್ಜು ತೂಗುಹಾಕಿ ಸಹಿ ಮಾಡದೆ ನಿರ್ದೇಶಕರೂ ಹೊರಗೆ ಹೋಗಲಾರರು. ಮುಂದಿನ ಪಟ್ಟಿಯಲ್ಲಿ ನಲವತ್ತೊಂದನೆಯ ನಂಬರಿಗೂ ಸೊನ್ನೆ ಬಂತು. ಭಾವ ಮತ್ತೆ ಸಿಹಿ ತಂದರು. ಬೀದಿಯವರು ಸಂಕೋಚದಿಂದ ತೆಗೆದುಕೊಂಡು, ಇರಲಿ, ಮುಂದಿನ ಸಲ ಚೆನ್ನಾಗಿ ಬರುತ್ತದೆ ಎಂದು ಸಮಾಧಾನ ಹೇಳಿದರು. ಎದುರುಮನೆಯಾಕೆಯ ಗುಲಾಬಿ ಹೂ ಬಿಟ್ಟಿತು. ಅದನ್ನು ವಿಜ್ಞಾನ ಇನ್ನೂ ವಿವರಿಸಿಲ್ಲ.

ಇದೆಲ್ಲ ಆಮೇಲಿನ ಮಾತು. ಆ ಸಂಜೆ ಪೆಟ್ಟಿಗೆ ಮುಚ್ಚಿ ಅವರೆಲ್ಲ ಹೋದಮೇಲೆ ನಾನು ಯಥಾಪ್ರಕಾರ ಹಲಗೆಯ ಮುಂದೆ ನಿಂತೆ. ಕಲ್ಲಿದ್ದ ಕಡೆ ಪುಟದ ಮೇಲೆ ಒಂದು ಗುಂಡನೆಯ ಗುರುತಿತ್ತು. ಭಾವ ರಸೀದಿಯನ್ನು ಪುಟಗಳ ಸಂದಿಗೆ ಸೇರಿಸಿ, ಎರಡು ಬೆರಳಿನಿಂದ ಒತ್ತಿ ಹಿಡಿದರು. ನಾನು ಓದಿದೆ. ಹೊರೆಯನ್ನು ಎಂಬಲ್ಲಿಗೆ ಬಂದೆ. ರೂಢಿಯಂತೆ ನಿಲ್ಲಿಸಿದೆ. ಭಾವ ಬೆರಳು ತೆಗೆದರು. ಫ್ಯಾನಿನ ಗಾಳಿಗೆ ಪುಟ ಎದ್ದಿತು, ಕ್ಷಣ ನಿಂತಿತು, ಮಗುಚಿಕೊಂಡಿತು. ನಾನು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಓದಿದೆ.

"ಕೇಳಿದವರ ಕೈಗೆ ಒಪ್ಪಿಸಿ ಮುಂದೆ ನಡೆಯಲಿ."

ಭಾವ ಕೈಮುಗಿದರು. ಆಮೇಲೆ ನನ್ನ ಭುಜದ ಮೇಲಿನಿಂದ ಪುಸ್ತಕಕ್ಕೆ ಇಣುಕಿದರು.

"ರಸೀದಿ ತಗೊಂಡು ಅಂತ ಇಲ್ವಾ ಭಾವ?"

ನಾನು ಇನ್ನೊಮ್ಮೆ ನೋಡಿದೆ. ಇಲ್ಲ ಎಂದೆ.

"ಹಾಕಬೇಕಿತ್ತು" ಎಂದು ಹೇಳಿ, ಅವರು ದೀಪಕ್ಕೆ ಎಣ್ಣೆ ತರಲು ಒಳಗೆ ಹೋದರು.